ಹಿಮ ಬಿದ್ದಾಗ ಕಾರಿನ ಗಾಜು, ಕ್ಯಾಮೆರಾ, ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮ ಬೀಳುವ ಕಡೆ ಮೊದಲ ಸಲ ಕಾರು ಓಡಿಸುವವರು ಟೈರಿನ ಬಗ್ಗೆ ಕೇಳುತ್ತಾರೆ, ಬ್ರೇಕಿನ ಬಗ್ಗೆ ಕೇಳುತ್ತಾರೆ. ಗಾಜು, ಸೆನ್ಸರ್ ನೆನಪಾಗುವುದು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದ ಮೇಲೆ. ಈಗಿನ ಕಾರುಗಳಿಗೆ ನಮ್ಮ ಹಾಗೇ ಕಣ್ಣು ಕಿವಿ ಇವೆ. ಅವುಗಳ ಮೇಲೆ ಹಿಮ ಕೂತರೆ ಕಾರಿಗೆ ಕಾಣುವುದಿಲ್ಲ. ಕೆಲವು ಸಲ ಅದನ್ನು ನಮಗೆ ಹೇಳುತ್ತದೆ, ಕೆಲವು ಸಲ ಹೇಳುವುದೂ ಇಲ್ಲ. ಹೊರಡುವ ಮೊದಲು ಹತ್ತು ನಿಮಿಷ ಕೊಟ್ಟರೆ ಮುಕ್ಕಾಲು ತೊಂದರೆ ತಪ್ಪುತ್ತದೆ. ಆ ಹತ್ತು ನಿಮಿಷದಲ್ಲಿ ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನುವುದು ಇಲ್ಲಿದೆ.

ನನ್ನ ಕಾರಿನಲ್ಲಿ ಸೆನ್ಸರ್‌ಗಳು ಎಲ್ಲೆಲ್ಲಿ ಇವೆ ಅಂತ ಹೇಗೆ ತಿಳಿಯುವುದು?

ಬಿಸಿಲಿರುವ ದಿನ ಕಾರಿನ ಸುತ್ತ ಒಂದು ಸುತ್ತು ಹಾಕಿ ನೋಡಿ. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಒಳಗಿನ ಕನ್ನಡಿಯ ಹಿಂದೆ, ಕಪ್ಪು ಡಬ್ಬಿಯಂಥದ್ದು ಇದ್ದರೆ ಅದು ಕ್ಯಾಮೆರಾ. ಮಳೆ ಸೆನ್ಸರ್ ಕೂಡ ಹೆಚ್ಚಾಗಿ ಅಲ್ಲೇ ಇರುತ್ತದೆ. ರೇಡಿಯೋ ಅಲೆ ಕಳಿಸಿ, ತಿರುಗಿ ಬಂದದ್ದರಿಂದ ಎದುರಿನ ಗಾಡಿಯ ದೂರ ಅಳೆಯುವ ಮುಂದಿನ ರಾಡಾರ್ ಕಂಪನಿಯ ಲಾಂಛನದ ಹಿಂದೆಯೋ ಬಂಪರಿನ ಕೆಳಗಿನ ನುಣುಪಾದ ಕಪ್ಪು ಪ್ಲಾಸ್ಟಿಕ್ ಹಲಗೆಯ ಹಿಂದೆಯೋ ಇರುತ್ತದೆ. ಬಂಪರಿನ ಮೇಲೆ ನಾಣ್ಯದಷ್ಟು ದೊಡ್ಡ ದುಂಡನೆಯ ಗುರುತುಗಳು ಪಾರ್ಕಿಂಗ್ ಸೆನ್ಸರ್‌ಗಳು. ಹಿಂದಿನ ಬಂಪರಿನ ಎರಡೂ ಮೂಲೆಗಳ ಒಳಗೆ ಪಕ್ಕದ ಲೇನ್ ನೋಡುವ ರಾಡಾರ್ ಇರಬಹುದು. ಅದು ಹೊರಗೆ ಕಾಣುವುದಿಲ್ಲ. ರಿವರ್ಸ್ ಕ್ಯಾಮೆರಾ ನಂಬರ್ ಪ್ಲೇಟಿನ ಹತ್ತಿರ.

ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದರ ಚಿತ್ರ ಇರುತ್ತದೆ. ಒಂದು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಇಡೀ ಕಾರು ಬೆಳ್ಳಗೆ ಮುಚ್ಚಿಹೋದ ಬೆಳಿಗ್ಗೆ ಯಾವುದು ಎಲ್ಲಿದೆ ಅಂತ ಹುಡುಕುವುದು ಕಷ್ಟ.

‘ಮುಂದಿನ ರಾಡಾರ್ ಮುಚ್ಚಿಕೊಂಡಿದೆ’ ಅಂತ ಸಂದೇಶ ಬಂತು. ರಾಡಾರ್ ಕೆಟ್ಟಿದೆಯಾ?

ಬಹಳ ಸಲ ಕೆಟ್ಟಿರುವುದಿಲ್ಲ. ಮುಖಕ್ಕೆ ಹಿಮ ಮೆತ್ತಿಕೊಂಡಿದೆ, ಅಷ್ಟೇ.

ಇಲ್ಲಿ ಒಂದು ವಿಷಯ ತಿಳಿದಿರಲಿ. ಕಾರಿನ ರಾಡಾರ್ ಸಾಮಾನ್ಯವಾಗಿ 77 ಗಿಗಾಹರ್ಟ್ಸ್ ಹತ್ತಿರ ಕೆಲಸ ಮಾಡುತ್ತದೆ. ಅದರ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಒಣ ಹಿಮ ಅಂದರೆ ಜಾಸ್ತಿ ಗಾಳಿ, ಸ್ವಲ್ಪ ಐಸ್. ಈ ಅಲೆಗಳು ಅದರ ಮೂಲಕ ಅಷ್ಟಾಗಿ ತಡೆಯಿಲ್ಲದೆ ದಾಟಿಹೋಗುತ್ತವೆ. ನೀರು ಹಾಗಲ್ಲ. ಒಂದು ಮಿಲಿಮೀಟರಿಗಿಂತ ತೆಳುವಾದ ನೀರಿನ ಪದರ ಕೂಡ ಈ ಅಲೆಗಳನ್ನು ಹೀರಿಕೊಂಡು, ಹಿಂದಕ್ಕೆ ತಳ್ಳಿ, ರಾಡಾರಿನ ಶಕ್ತಿ ಉಡುಗಿಸಿಬಿಡುತ್ತದೆ. ಹಾಗಾಗಿ ಕಡು ಚಳಿಯಲ್ಲಿ ಪುಡಿ ಹಿಮ ಬೀಳುವಾಗ ಸುಮ್ಮನಿದ್ದ ರಾಡಾರ್, ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಒದ್ದೆ ಹಿಮ ಬಿದ್ದಾಗ ಕೈಕೊಡುತ್ತದೆ. ಮುಂದಿನ ಗಾಡಿಯ ಚಕ್ರದಿಂದ ಹಾರುವ ಹಿಮದ ಕೆಸರು ಇನ್ನೂ ಕೆಟ್ಟದ್ದು. ಅದು ಬಂಪರಿಗೆ ಬಡಿದು, ಅಂಟಿ, ಎದುರುಗಾಳಿಗೆ ಗಟ್ಟಿಯಾಗಿ ಹಲಗೆಯ ಹಾಗೆ ಕೂತುಬಿಡುತ್ತದೆ.

ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ, ಮೆತ್ತನೆಯ ಬ್ರಷ್ಷಿನಿಂದಲೋ ಗ್ಲೌಸ್ ಹಾಕಿದ ಕೈಯಿಂದಲೋ ಒರೆಸಿ. ಸ್ಕ್ರೇಪರ್‌ನಿಂದ ಕೆರೆಯಬೇಡಿ. ಒರೆಸಿದ ಕೂಡಲೇ ಸಂದೇಶ ಹೋಗದಿದ್ದರೆ ಗಾಬರಿ ಬೇಡ. ಸ್ವಲ್ಪ ದೂರ ಓಡಿಸಿ ಎದುರಿಗೆ ಗಾಡಿಗಳು ಕಂಡ ಮೇಲೆ ಅದು ತಾನಾಗಿ ಸರಿಹೋಗಬಹುದು. ಸ್ವಚ್ಛ ಮಾಡಿದ ಮೇಲೂ ಒಣ ಹವೆಯಲ್ಲಿ ಮತ್ತೆ ಮತ್ತೆ ಬಂದರೆ ಮಾತ್ರ ಮೆಕ್ಯಾನಿಕ್‌ಗೆ ತೋರಿಸಿ.

ಸಂದೇಶ ಏನೂ ಬಂದಿಲ್ಲ. ಅಂದರೆ ಎಲ್ಲಾ ಸೆನ್ಸರ್ ಸರಿಯಾಗಿವೆ ಅಂತ ತಾನೇ?

ಅಲ್ಲ. ಇಡೀ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ತನ್ನ ಮುಖ ಮುಚ್ಚಿದೆ ಅಂತ ರಾಡಾರಿಗೆ ಗೊತ್ತಾಗುವುದು ಹೇಗೆ? ಎದುರಿನಿಂದ ಬರಬೇಕಾದ ಪ್ರತಿಧ್ವನಿ ಬರುತ್ತಿಲ್ಲ ಅನ್ನುವುದರಿಂದ. ಅದನ್ನು ಖಚಿತ ಮಾಡಿಕೊಳ್ಳಲು ಅದಕ್ಕೆ ಸಮಯ ಬೇಕು. ಖಾಲಿ ರಸ್ತೆಯಲ್ಲಿ ಎದುರಿಗೆ ಏನೂ ಇಲ್ಲದಿದ್ದಾಗ, ಏನೂ ಇಲ್ಲದ್ದಕ್ಕೆ ಕಾಣುತ್ತಿಲ್ಲವೋ, ಮುಚ್ಚಿಕೊಂಡಿದ್ದಕ್ಕೆ ಕಾಣುತ್ತಿಲ್ಲವೋ ಅಂತ ಬೇರೆ ಮಾಡುವುದು ಅದಕ್ಕೆ ಕಷ್ಟ. ಅರ್ಧ ಮುಚ್ಚಿದಾಗ ಇನ್ನೂ ತೊಂದರೆ. ದೊಡ್ಡ ಲಾರಿ ಕಾಣುತ್ತದೆ, ದೂರದ ಬೈಕ್ ಕಾಣುವುದಿಲ್ಲ. ದೀಪ ಹತ್ತುವುದಿಲ್ಲ, ಆದರೆ ದೃಷ್ಟಿ ಮಂದವಾಗಿದೆ.

ಹಾಗಾಗಿ ಎಚ್ಚರಿಕೆ ಬಂದರೆ ನಂಬಿ. ಬರದಿದ್ದರೆ ಅದನ್ನೇ ಧೈರ್ಯ ಅಂದುಕೊಳ್ಳಬೇಡಿ. ಹಿಮ ಬೀಳುತ್ತಿರುವಷ್ಟು ಹೊತ್ತು ಈ ಸೌಲಭ್ಯಗಳು ಇಲ್ಲವೇ ಇಲ್ಲ ಅಂದುಕೊಂಡೇ ಓಡಿಸುವುದು ಒಳ್ಳೆಯದು.

ಗಾಜಿನ ಹಿಂದಿನ ಕ್ಯಾಮೆರಾ ಒಳಗಡೆ ಬೆಚ್ಚಗೇ ಇರುತ್ತದಲ್ಲಾ, ಅದಕ್ಕೇನು ತೊಂದರೆ?

ಕ್ಯಾಮೆರಾ ಒಳಗಿದೆ, ನಿಜ. ಆದರೆ ಅದು ನೋಡುವುದು ಗಾಜಿನ ಮೂಲಕ. ಗಡಿಬಿಡಿಯ ಬೆಳಿಗ್ಗೆ ಜನ ಏನು ಮಾಡುತ್ತಾರೆ ಗಮನಿಸಿ. ಸ್ಟಿಯರಿಂಗ್ ಎದುರಿಗೆ ಒಂದು ತಟ್ಟೆಯಷ್ಟು ಜಾಗ ಕೆರೆದು, ಅದರಲ್ಲಿ ಇಣುಕುತ್ತಾ ಹೊರಟುಬಿಡುತ್ತಾರೆ. ಗಾಜಿನ ನಡುವೆ ಮೇಲುಗಡೆ ಅಂಗೈ ಅಗಲದ ಹಿಮ ಹಾಗೇ ಉಳಿದಿರುತ್ತದೆ. ಕ್ಯಾಮೆರಾ ಇರುವುದು ಸರಿಯಾಗಿ ಅದರ ಹಿಂದೆ.

ಇನ್ನೊಂದು ತೊಂದರೆ ಒಳಗಿನದು. ಕ್ಯಾಮೆರಾದ ಡಬ್ಬಿ ಮತ್ತು ಗಾಜಿನ ನಡುವಿನ ಸಣ್ಣ ಜಾಗಕ್ಕೆ ಬ್ಲೋವರಿನ ಗಾಳಿ ಸರಿಯಾಗಿ ತಲುಪುವುದಿಲ್ಲ. ಉಳಿದ ಗಾಜೆಲ್ಲ ತಿಳಿಯಾದ ಮೇಲೂ ಅಲ್ಲಿ ಆವಿ ಕೂತಿರಬಹುದು. ಕೆಲವು ಕಾರುಗಳಲ್ಲಿ ಆ ಜಾಗಕ್ಕೆ ಅಂತಲೇ ಗಾಜಿನಲ್ಲಿ ಹೀಟರ್ ಇರುತ್ತದೆ. ಇಲ್ಲದಿದ್ದರೆ ಕಾಯಬೇಕು.

ಗಾಜು ಪೂರ್ತಿ ತಿಳಿಯಾಗಿದ್ದರೂ ಕ್ಯಾಮೆರಾ ಸೋಲುವುದುಂಟು. ರಸ್ತೆಯ ಬಿಳಿ ಗೆರೆ ಬಿಳಿ ಹಿಮದ ಕೆಳಗೆ ಹೋಗಿರುತ್ತದೆ. ನಿಮಗೇ ಕಾಣದ ಗೆರೆ ಕ್ಯಾಮೆರಾಗೂ ಕಾಣುವುದಿಲ್ಲ. ಮುಂದಿನ ಗಾಡಿಗಳು ಹಿಮದಲ್ಲಿ ಎಳೆದ ಚಕ್ರದ ಜಾಡನ್ನೇ ಗೆರೆ ಅಂದುಕೊಂಡು ಲೇನ್ ಅಸಿಸ್ಟ್ (ಕಾರನ್ನು ಲೇನಿನೊಳಗೇ ಇರಿಸುವ ಸೌಲಭ್ಯ) ಸ್ಟಿಯರಿಂಗನ್ನು ಆ ಕಡೆ ಎಳೆಯಲೂಬಹುದು. ಹಿಮ ಮುಚ್ಚಿದ ರಸ್ತೆಯಲ್ಲಿ ಲೇನ್ ಅಸಿಸ್ಟ್ ಆಫ್ ಮಾಡಿಬಿಡಿ. ಸ್ಟಿಯರಿಂಗಿಗೆ ಬರುವ ಸಣ್ಣ ಎಳೆತ ಒಣ ರಸ್ತೆಯಲ್ಲಿ ಏನೂ ಅಲ್ಲ, ಜಾರುವ ರಸ್ತೆಯಲ್ಲಿ ಅದೇ ಜಾಸ್ತಿಯಾಗಬಹುದು.

ಕಾರು ತಾನಾಗಿ ಬ್ರೇಕ್ ಹಾಕುತ್ತದಲ್ಲಾ, ಐಸ್ ಮೇಲೂ ಹಾಕುತ್ತದಾ?

ಹಾಕುತ್ತದೆ. ನಿಲ್ಲುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ.

ಒಂದು ಲೆಕ್ಕ ನೋಡಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಣ ಡಾಂಬರಿನ ಮೇಲೆ ಬ್ರೇಕ್ ಒತ್ತಿದ ಜಾಗದಿಂದ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಾಡಿಗಳು ತುಳಿದು ಗಟ್ಟಿಯಾದ ಹಿಮದ ಮೇಲೆ ಅದಕ್ಕೆ ಹೆಚ್ಚು ಕಡಿಮೆ 50 ಮೀಟರ್ ಬೇಕು. ನುಣ್ಣನೆಯ ಐಸ್ ಮೇಲೆ 100 ಮೀಟರ್ ಹತ್ತಿರ. ಹಿಡಿತ ಏಳನೇ ಒಂದು ಭಾಗಕ್ಕೆ ಇಳಿದರೆ ದೂರ ಏಳು ಪಟ್ಟು. ನೀವು ಬ್ರೇಕ್ ಒತ್ತುವ ಮೊದಲು ಯೋಚಿಸಲು ತೆಗೆದುಕೊಂಡ ಒಂದು ಸೆಕೆಂಡಿನಲ್ಲಿ ಇನ್ನೊಂದು 14 ಮೀಟರ್ ಹೋಗಿರುತ್ತದೆ.

ರಾಡಾರ್ ಎದುರಿನ ಗಾಡಿ ಎಷ್ಟು ದೂರ ಇದೆ, ಎಷ್ಟು ವೇಗವಾಗಿ ಹತ್ತಿರವಾಗುತ್ತಿದೆ ಅಂತ ಚೆನ್ನಾಗಿ ಅಳೆಯುತ್ತದೆ. ಟೈರಿನ ಕೆಳಗೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ ಕೂಡ ಚಕ್ರ ಜಾರಲು ಶುರುವಾದ ಮೇಲೆಯೇ ತಿಳಿದುಕೊಳ್ಳುವುದು. ಕಡೇ ಗಳಿಗೆಯಲ್ಲಿ ಹಾಕುವ ಬ್ರೇಕ್ ಒಣ ರಸ್ತೆಯಲ್ಲಿ ಸಾಕಾಗುತ್ತದೆ, ಐಸಿನಲ್ಲಿ ಸಾಕಾಗುವುದಿಲ್ಲ. ಅಂತರ ನೀವೇ ಬಿಡಬೇಕು.

ವೇಗವನ್ನು ತಾನಾಗಿ ಒಂದೇ ಸಮ ಇಡುವ ಕ್ರೂಸ್ ಕಂಟ್ರೋಲ್ ಕೂಡ ಹಾಗೇ. ಜಾರುವ ರಸ್ತೆಯಲ್ಲಿ ಬಳಸಬೇಡಿ ಅಂತ ಕಾರಿನ ಪುಸ್ತಕಗಳಲ್ಲಿ ಬರೆದೇ ಇರುತ್ತದೆ. ಏರಿನಲ್ಲಿ ವೇಗ ಕಾಯ್ದುಕೊಳ್ಳಲು ಅದು ಆಕ್ಸಿಲರೇಟರ್ ಕೊಟ್ಟರೆ ಚಕ್ರ ಜಾರಿ ತಿರುಗಬಹುದು. ನಿಮ್ಮ ಕಾಲಿಗೆ ಆ ಸೂಕ್ಷ್ಮ ಮೊದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಐಸ್ ಅತಿ ಹೆಚ್ಚು ಜಾರುವುದು ಮೈನಸ್ 20ರಲ್ಲಿ ಅಲ್ಲ, ಸೊನ್ನೆಯ ಹತ್ತಿರ, ಮೇಲೆ ಸಣ್ಣಗೆ ನೀರಾಡುವಾಗ.

ಹಿಂದೆ ಏನೂ ಇಲ್ಲ, ಆದರೂ ಪಾರ್ಕಿಂಗ್ ಸೆನ್ಸರ್ ಒಂದೇ ಸಮನೆ ಕೂಗುತ್ತದೆ. ಯಾಕೆ?

ಒಂದು ಸಂಜೆ ನನಗೂ ಹೀಗೇ ಆಯಿತು. ಹಿಂದೆ ಇಡೀ ಅಂಗಳ ಖಾಲಿ. ರಿವರ್ಸ್ ಹಾಕಿದರೆ ‘ಪೀ…’ ಅಂತ ಬಿಡದೆ ಸದ್ದು. ಮೂರು ಸಲ ಇಳಿದು ನೋಡಿದೆ, ಏನೂ ಇಲ್ಲ. ಕೊನೆಗೆ ಬಂಪರಿನ ಹತ್ತಿರ ಬಗ್ಗಿ ಟಾರ್ಚ್ ಹಾಕಿದಾಗ ಕಂಡಿತು: ನಾಲ್ಕು ಸೆನ್ಸರುಗಳಲ್ಲಿ ಒಂದರ ಮೇಲೆ ಗಾಜಿನಷ್ಟೇ ತಿಳಿಯಾದ ಐಸಿನ ಬಿಲ್ಲೆ. ಹೆಬ್ಬೆರಳನ್ನು ಅದರ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದೆ. ಬಿಲ್ಲೆ ಅಂಚಿನಲ್ಲಿ ಕರಗಿ, ಸಡಿಲವಾಗಿ, ಜಾರಿ ಬಿತ್ತು. ಸದ್ದು ನಿಂತಿತು.

ಈ ಸೆನ್ಸರ್ ಒಂದು ಸಣ್ಣ ತಮಟೆಯ ಹಾಗೆ. ಅದರ ತೆಳು ಮುಖ ನಮ್ಮ ಕಿವಿಗೆ ಕೇಳದ ಸದ್ದು ಮಾಡುತ್ತದೆ. ಸೆಕೆಂಡಿಗೆ 40 ಸಾವಿರ ಸಲವೋ ಅದಕ್ಕಿಂತ ಜಾಸ್ತಿಯೋ ಕಂಪಿಸುತ್ತದೆ. ಆಮೇಲೆ ಸುಮ್ಮನಾಗಿ, ಹಿಂತಿರುಗಿ ಬರುವ ಸದ್ದಿಗೆ ಕಿವಿಗೊಡುತ್ತದೆ. ಮುಖದ ಮೇಲೆ ಐಸ್ ಕೂತರೆ ಕಂಪನವೇ ಬದಲಾಗುತ್ತದೆ. ತನ್ನದೇ ಸದ್ದು ಅಲ್ಲೇ ತಿರುಗಿ ಬಂದ ಹಾಗಾಗಿ, ಯಾವುದೋ ವಸ್ತು ತೀರಾ ಹತ್ತಿರ ಇದೆ ಅಂದುಕೊಳ್ಳುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ, ಅದು ಜಾಸ್ತಿ ಅಪಾಯ. ಮೆತ್ತನೆಯ ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಹಿಮ ಬಿದ್ದ ಬೆಳಿಗ್ಗೆ ಬೀದಿ ಅಷ್ಟು ನಿಶ್ಶಬ್ದವಾಗಿರುವುದು ಅದಕ್ಕೇ. ಹಾಗಾಗಿ ಹಿಂದೆ ಮೊಣಕಾಲೆತ್ತರದ ಹಿಮದ ರಾಶಿ ಇದ್ದರೂ ಸೆನ್ಸರ್ ಕೂಗದಿರಬಹುದು. ಆ ರಾಶಿಯೊಳಗೆ ಕಲ್ಲೋ ಕಂಬವೋ ಇರಬಹುದು. ಇಳಿದು ನೋಡಿ.

ಕೀ, ಚಾಕು, ಸ್ಕ್ರೇಪರ್ ತುದಿ ಯಾವುದನ್ನೂ ಸೆನ್ಸರಿಗೆ ತಾಗಿಸಬೇಡಿ. ಕುದಿಯುವ ನೀರೂ ಬೇಡ. ಬೆರಳಿನ ಬಿಸಿ, ಇಲ್ಲವೇ ಬಟ್ಟೆಯ ಮೇಲೆ ಸ್ವಲ್ಪ ಡಿ-ಐಸರ್ (ಐಸ್ ಕರಗಿಸುವ ದ್ರವ) ಸಾಕು.

ರಿವರ್ಸ್ ಕ್ಯಾಮೆರಾ ಮಬ್ಬಾಗಿ ಕಾಣುತ್ತದೆ.

ಹೆಚ್ಚಾಗಿ ಅದು ರಸ್ತೆಗೆ ಹಾಕಿದ ಉಪ್ಪು. ಉಪ್ಪುನೀರು ಹಾರಿ ಬಂದು ಒಣಗಿದರೆ ಲೆನ್ಸ್ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಒದ್ದೆ ಮಾಡಿ, ಆಮೇಲೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ದಿನಾ ಮಾಡಬೇಕಾದ ಕೆಲಸ ಇದು.

ಲೈಡಾರ್ ಇರುವ ಕಾರಿಗೆ ಹಿಮದಲ್ಲಿ ತೊಂದರೆ ಇಲ್ಲವಾ?

ಇದೆ. ಲೈಡಾರ್ ಬೆಳಕಿನಿಂದ ಅಳೆಯುತ್ತದೆ. ಬೀಳುತ್ತಿರುವ ಪ್ರತಿ ಹಿಮದ ಹಳಕೂ ಬೆಳಕನ್ನು ಹಿಂದಕ್ಕೆ ಚೆದುರಿಸುತ್ತದೆ. ಕಾರಿನ ಮುಂದೆಯೇ ಸಾವಿರಾರು ಸಣ್ಣ ವಸ್ತುಗಳಿದ್ದ ಹಾಗೆ ಅದಕ್ಕೆ ಕಾಣುತ್ತದೆ. ಸಾಫ್ಟ್‌ವೇರ್ ಅವುಗಳನ್ನು ಸೋಸಿ ತೆಗೆಯಲು ನೋಡುತ್ತದೆ. ಆದರೆ ದೂರದ ದೃಷ್ಟಿ ಕಡಿಮೆಯಾಗಿಯೇ ಆಗುತ್ತದೆ. ಬೀಳುವ ಹಿಮದ ಮಟ್ಟಿಗೆ ರಾಡಾರೇ ವಾಸಿ.

ಗಾಜಿನ ಮೇಲಿನ ಐಸ್ ಕರಗಿಸಲು ಬಿಸಿನೀರು ಹಾಕಬಹುದಾ?

ಬೇಡ. ದಯವಿಟ್ಟು ಬೇಡ.

ಗಾಜು ಬಿಸಿಯನ್ನು ಬೇಗ ಒಳಗೆ ಸಾಗಿಸುವುದಿಲ್ಲ. ಮೈನಸ್ 10 ಡಿಗ್ರಿಯ ಗಾಜಿನ ಮೇಲೆ ಕುದಿನೀರು ಬಿದ್ದರೆ ಹೊರಮೈ ಥಟ್ಟನೆ ಹಿಗ್ಗುತ್ತದೆ, ಒಳಮೈ ತಣ್ಣಗೇ ಇರುತ್ತದೆ. ಎರಡರ ನಡುವಿನ ಎಳೆದಾಟಕ್ಕೆ ಗಾಜು ಸೀಳುತ್ತದೆ. ಎಲ್ಲೋ ಒಂದು ಸಣ್ಣ ಚುಕ್ಕಿಯಷ್ಟು ಪೆಟ್ಟು ಮೊದಲೇ ಬಿದ್ದಿದ್ದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಮುಂದಿನ ಗಾಜು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಹಾಗಾಗಿ ಚೂರುಚೂರಾಗಿ ಬೀಳುವುದಿಲ್ಲ, ಆದರೆ ಬಿರುಕು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಉಗುರುಬೆಚ್ಚಗಿನ ನೀರಾದರೂ ಉಪಯೋಗವಿಲ್ಲ. ಹರಿದ ನೀರು ವೈಪರ್ ಬುಡದಲ್ಲಿ ಸೇರಿ ಮತ್ತೆ ಐಸ್ ಆಗುತ್ತದೆ.

ಹಾಗಾದರೆ ಸರಿಯಾದ ಕ್ರಮ ಯಾವುದು?

ಕಾರು ಸ್ಟಾರ್ಟ್ ಮಾಡುವ ಮೊದಲೇ ಹಿಂದಕ್ಕೆ ಹೋಗಿ ಹೊಗೆ ಕೊಳವೆಯ ಬಾಯಿ ಹಿಮದಲ್ಲಿ ಮುಚ್ಚಿಲ್ಲ ಅಂತ ನೋಡಿ. ಮುಚ್ಚಿದ್ದರೆ ಹೊಗೆ ಕಾರಿನೊಳಗೆ ನುಗ್ಗಬಹುದು. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೂತವರಿಗೆ ಗೊತ್ತಾಗದಂತೆ ಪ್ರಾಣ ತೆಗೆಯುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಬಿಸಿ ಮಾಡುವುದು ಕೂಡ ಇಷ್ಟೇ ಅಪಾಯ, ಬಾಗಿಲು ಅರ್ಧ ತೆಗೆದಿದ್ದರೂ ಸರಿ.

ಆಮೇಲೆ ಸ್ಟಾರ್ಟ್ ಮಾಡಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಹಿಂದಿನ ಗಾಜಿನ ಹೀಟರ್ ಹಾಕಿ. ಅದು ಬಿಸಿಯಾಗುವಷ್ಟರಲ್ಲಿ ಮೇಲ್ಛಾವಣಿಯಿಂದ ಶುರುಮಾಡಿ ಬ್ರಷ್ಷಿನಿಂದ ಹಿಮ ತಳ್ಳಿ. ಮೇಲಿನಿಂದ ಕೆಳಗೆ. ಇಲ್ಲದಿದ್ದರೆ ಒರೆಸಿದ ಗಾಜಿನ ಮೇಲೆ ಮತ್ತೆ ಹಿಮ ಬೀಳುತ್ತದೆ. ಗಾಜಿಗೆ ಅಂಟಿದ ಐಸಿಗೆ ಡಿ-ಐಸರ್ ಸಿಂಪಡಿಸಿ, ಒಂದೆರಡು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಲೋಹದ್ದು ಯಾವುದೂ ಬೇಡ. ಹಿಂದಿನ ಗಾಜಿನ ಒಳಮೈಯನ್ನು ಮಾತ್ರ ಎಂದೂ ಕೆರೆಯಬೇಡಿ. ಹೀಟರಿನ ಗೆರೆಗಳು ಅಲ್ಲೇ ಇವೆ, ಒಂದು ಕಡೆ ಕಿತ್ತರೆ ಆ ಗೆರೆ ಪೂರ್ತಿ ಸತ್ತಂತೆ.

ಕೊನೆಗೆ ಕ್ಯಾಮೆರಾ ಜಾಗ, ರಾಡಾರ್, ಪಾರ್ಕಿಂಗ್ ಸೆನ್ಸರ್, ಲೈಟುಗಳು, ಪಕ್ಕದ ಕನ್ನಡಿ.

ವೈಪರ್ ಗಾಜಿಗೆ ಅಂಟಿಕೊಂಡಿದೆ. ಆನ್ ಮಾಡಿದರೆ ಬಿಡಿಸಿಕೊಳ್ಳುತ್ತದಾ?

ನನ್ನ ಮೊದಲ ಚಳಿಗಾಲದಲ್ಲಿ ರಾತ್ರಿ ವೈಪರಿನ ಸ್ವಿಚ್ಚನ್ನು ‘ಆಟೋ’ದಲ್ಲೇ, ಅಂದರೆ ಮಳೆ ಕಂಡರೆ ತಾನಾಗಿ ಓಡುವ ಹಾಗೆ, ಬಿಟ್ಟು ಹೋಗಿದ್ದೆ. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ‘ಗುಂಯ್’ ಅಂತ ಮೋಟರಿನ ನರಳಾಟ. ಒಂದು ಬ್ಲೇಡ್ ಕಿತ್ತುಕೊಂಡು ಮೇಲೆದ್ದಿತು, ಆದರೆ ಒಂದು ಗೇಣು ರಬ್ಬರ್ ಗಾಜಿಗೇ ಅಂಟಿ ಉಳಿಯಿತು. ಇನ್ನೊಂದು ಅಲುಗಲೇ ಇಲ್ಲ. ಫ್ಯೂಸ್ ಹೋಯಿತು.

ಮಳೆ ಸೆನ್ಸರ್ ಗಾಜಿನೊಳಗೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ತಿರುಗಿ ಬಂತು ಅಂತ ನೋಡುತ್ತದೆ. ಗಾಜಿನ ಮೇಲೆ ನೀರಿದ್ದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಐಸನ್ನೂ ಅದು ಮಳೆ ಅಂದುಕೊಂಡು ವೈಪರ್ ಓಡಿಸಬಹುದು. ಹಾಗಾಗಿ ರಾತ್ರಿ ಕಾರು ಬಂದ್ ಮಾಡುವ ಮೊದಲು ವೈಪರ್ ಆಟೋ ತೆಗೆದು ಪೂರ್ತಿ ಆಫ್ ಮಾಡಿ. ಬೆಳಿಗ್ಗೆ ಬ್ಲೇಡ್ ಅಂಟಿದ್ದರೆ ಬಿಸಿಗಾಳಿ ಬರುವ ತನಕ ಕಾಯ್ದು, ಕೈಯಿಂದ ಮೆಲ್ಲಗೆ ಬಿಡಿಸಿ.

ಅಂದಹಾಗೆ, ವೈಪರ್ ಹುಟ್ಟಿದ್ದೇ ಇಂಥ ಹವೆಯಿಂದ. ಅಮೆರಿಕದ ಮೇರಿ ಆಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಾಗ, ಹಿಮ ಬೆರೆತ ಮಳೆಯಲ್ಲಿ ಎದುರು ಕಾಣಲೆಂದು ಟ್ರ್ಯಾಮ್ ಚಾಲಕ ಗಾಜನ್ನು ತೆರೆದಿಟ್ಟು ಓಡಿಸುತ್ತಿದ್ದುದನ್ನು ನೋಡಿದರು. ಒಳಗೆ ಕೂತೇ ಕೈಯಿಂದ ತಿರುಗಿಸುವ ವೈಪರಿಗೆ 1903ರ ನವೆಂಬರಿನಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಚಳಿಯಲ್ಲಿ ಚಾಲಕ ಪಡುತ್ತಿದ್ದ ಕಷ್ಟ ಒಬ್ಬರ ಕಣ್ಣಿಗೆ ಬಿದ್ದದ್ದರಿಂದ ಇಷ್ಟೆಲ್ಲಾ ಆಯಿತು ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ವಾಷರ್ ನೀರು ಓಡುವಾಗಲೇ ಗಾಜಿನ ಮೇಲೆ ಗಟ್ಟಿಯಾಯಿತು. ಬಾಟಲಿ ಮೇಲೆ ಮೈನಸ್ 20 ಅಂತ ಬರೆದಿತ್ತಲ್ಲಾ?

ಬಾಟಲಿಯೊಳಗೆ ಅದು ಮೈನಸ್ 20ರ ತನಕ ಗಟ್ಟಿಯಾಗುವುದಿಲ್ಲ, ನಿಜ. ಗಾಜಿನ ಮೇಲೆ ಕತೆ ಬೇರೆ. ಚಳಿಗಾಲದ ವಾಷರ್ ದ್ರವದಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ವೇಗದ ಗಾಳಿಗೆ ಆಲ್ಕೋಹಾಲ್ ಮೊದಲು ಆವಿಯಾಗಿ ಹೋಗುತ್ತದೆ. ಹೋಗುವಾಗ ಗಾಜನ್ನು ಇನ್ನೂ ತಣ್ಣಗೆ ಮಾಡುತ್ತದೆ. ಹಿಂದೆ ಉಳಿಯುವುದು ಬರೀ ನೀರು, ಅದು ಅಲ್ಲೇ ಹೆಪ್ಪುಗಟ್ಟುತ್ತದೆ. ಹೆದ್ದಾರಿಯ ವೇಗದಲ್ಲಿ ಒಂದೇ ಕ್ಷಣಕ್ಕೆ ಎದುರಿನ ರಸ್ತೆ ಮಾಯವಾಗುವುದು ಎಷ್ಟು ಭಯಂಕರ ಅಂತ ಅನುಭವಿಸಿದವರಿಗೇ ಗೊತ್ತು. ಗಾಜು ಬೆಚ್ಚಗಾಗುವ ತನಕ ವಾಷರ್ ಒತ್ತಬೇಡಿ. ನಿಮ್ಮ ಕಡೆ ಬೀಳುವ ಚಳಿಗಿಂತ ಒಂದು ಹಂತ ಹೆಚ್ಚಿನ ಚಳಿ ತಡೆಯುವ ದ್ರವ ಹಾಕಿ.

ಟ್ಯಾಂಕಿನಲ್ಲಿ ಬೇಸಿಗೆಯ ಬರೀ ನೀರು ಉಳಿದಿದ್ದರೆ ಹೊಸ ದ್ರವ ತೆಳುವಾಗುತ್ತದೆ. ಮೊದಲು ಅದನ್ನು ಖಾಲಿ ಮಾಡಿ. ಹೊಸದು ತುಂಬಿದ ಮೇಲೆ ಸ್ವಲ್ಪ ಹೊತ್ತು ಸಿಂಪಡಿಸಿ, ಪೈಪಿನಲ್ಲಿ ನಿಂತ ಹಳೇ ನೀರೂ ಹೋಗಲಿ. ಮೆಥನಾಲ್ ಅನ್ನುವ ಆಲ್ಕೋಹಾಲ್ ಇರುವ ದ್ರವ ವಿಷ. ಮಕ್ಕಳ ಕೈಗೆ, ಸಾಕುಪ್ರಾಣಿಗಳ ಬಾಯಿಗೆ ಸಿಗದ ಹಾಗೆ ಇಡಿ.

ಹೊರಗೆ ಚೊಕ್ಕವಾಗಿದೆ, ಆದರೆ ಗಾಜು ಒಳಗಿನಿಂದ ಮಸುಕಾಗುತ್ತದೆ.

ತೇವ ಒಳಗಿದೆ. ನಿಮ್ಮ ಉಸಿರಿನಿಂದ, ಬೂಟಿಗೆ ಅಂಟಿ ಬಂದ ಹಿಮದಿಂದ, ಒದ್ದೆ ಮ್ಯಾಟಿನಿಂದ. ಗಾಳಿಯನ್ನು ಒಳಗೊಳಗೇ ತಿರುಗಿಸುವ ಬಟನ್ ಆಫ್ ಮಾಡಿ, ಹೊರಗಿನ ಗಾಳಿ ಬರಲಿ. ಚಳಿಯಲ್ಲಿ ಇದು ತಲೆಕೆಳಗು ಅನ್ನಿಸುತ್ತದೆ, ಆದರೆ ಲೆಕ್ಕ ಸರಳ. ಸೊನ್ನೆ ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹಿಡಿಯುತ್ತದೆ. 20 ಡಿಗ್ರಿಯದು ಸುಮಾರು 17 ಗ್ರಾಂ. ಅಂದರೆ ಹೊರಗಿನ ತಣ್ಣನೆ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದರೆ ಅದು ಒಣಗಿದ ಬಟ್ಟೆಯ ಹಾಗೆ, ಗಾಜಿನ ಮೇಲಿನ ತೇವವನ್ನು ಹೀರಿಕೊಳ್ಳುತ್ತದೆ. ಎಸಿ ಕೂಡ ಹಾಕಿ. ಅದು ಗಾಳಿಯನ್ನು ಒಣಗಿಸುತ್ತದೆ, ಹೀಟರ್ ಬಿಸಿ ಮಾಡುತ್ತದೆ. ತೀರಾ ಚಳಿಯಲ್ಲಿ ಬಹಳಷ್ಟು ಕಾರುಗಳ ಎಸಿ ತಾನಾಗಿ ನಿಲ್ಲುತ್ತದೆ, ಅದು ದೋಷವಲ್ಲ.

ಹತ್ತುವ ಮೊದಲು ಬೂಟುಗಳನ್ನು ಒಂದಕ್ಕೊಂದು ಬಡಿದು ಹಿಮ ಉದುರಿಸಿ. ಗಾಜಿನ ಒಳಮೈಯನ್ನು ಆಗಾಗ ಒರೆಸಿ, ಜಿಡ್ಡಿನ ಗಾಜು ಬೇಗ ಮಸುಕಾಗುತ್ತದೆ.

ರಾತ್ರಿ ಮಳೆಯೂ ಇಲ್ಲ, ಹಿಮವೂ ಇಲ್ಲ, ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿತ್ತು. ಆದರೂ ಗಾಜಿನ ಮೇಲೆ ಐಸ್ ಹೇಗೆ ಬಂತು?

ಆಕಾಶ ತಿಳಿಯಾಗಿದ್ದ ರಾತ್ರಿ ಇರಬೇಕು. ಮೋಡ ಇಲ್ಲದಾಗ ಗಾಜು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ 2 ಡಿಗ್ರಿ ಇದ್ದರೂ ಗಾಜು ಸೊನ್ನೆಗಿಂತ ಕೆಳಗೆ ಇಳಿದು, ಇಬ್ಬನಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮರದ ಕೆಳಗೋ ಮಾಡಿನ ಕೆಳಗೋ ನಿಲ್ಲಿಸಿದ ಕಾರಿಗೆ ಹೀಗಾಗುವುದು ಕಡಿಮೆ. ಗಾಜಿಗೆ ಒಂದು ಹೊದಿಕೆ ಹಾಕಿದರೂ ಸಾಕು.

ಡ್ಯಾಶ್‌ಬೋರ್ಡ್ ತೋರಿಸುವ ಹೊರಗಿನ ಉಷ್ಣಾಂಶ ನಂಬಬಹುದಾ?

ಅಂದಾಜಿಗೆ ಮಾತ್ರ. ಆ ಸೆನ್ಸರ್ ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆಯೋ ಪಕ್ಕದ ಕನ್ನಡಿಯ ಕೆಳಗೋ ಇರುತ್ತದೆ. ಅದು ಅಳೆಯುವುದು ಗಾಳಿಯನ್ನು, ರಸ್ತೆಯನ್ನಲ್ಲ. ನಿಂತ ಕಾರಿನಲ್ಲಿ ಎಂಜಿನ್ ಬಿಸಿ ತಾಗಿ ಜಾಸ್ತಿ ತೋರಿಸಬಹುದು. ಹಿಮ ಮೆತ್ತಿಕೊಂಡರೆ ಸೊನ್ನೆಯ ಹತ್ತಿರವೇ ನಿಂತುಬಿಡಬಹುದು. ಬಹಳಷ್ಟು ಕಾರುಗಳು 3 ಅಥವಾ 4 ಡಿಗ್ರಿಗೇ ಹಿಮದ ಗುರುತು ತೋರಿಸಿ ಎಚ್ಚರಿಸುವುದು ಇದಕ್ಕೇ. ಸೇತುವೆಗಳ ಮೇಲೆ ಹುಷಾರು. ಕೆಳಗಿನಿಂದಲೂ ಗಾಳಿ ಆಡುವುದರಿಂದ ಉಳಿದ ರಸ್ತೆಗಿಂತ ಮೊದಲು ಅವೇ ಹೆಪ್ಪುಗಟ್ಟುತ್ತವೆ.

ಮೇಲ್ಛಾವಣಿಯ ಹಿಮ ಹಾಗೇ ಬಿಟ್ಟರೆ ಏನಾಗುತ್ತದೆ?

ಹೀಟರ್ ಬಿಸಿಗೆ ಅದರ ತಳ ಸಡಿಲವಾಗಿರುತ್ತದೆ. ನೀವು ಬ್ರೇಕ್ ಹಾಕಿದಾಗ ಇಡೀ ಹಾಸು ಜಾರಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ವೈಪರ್ ಅದನ್ನು ಎತ್ತಲಾರದು. ನಿಮ್ಮ ಕಣ್ಣು, ಕ್ಯಾಮೆರಾ ಎರಡೂ ಒಂದೇ ಕ್ಷಣಕ್ಕೆ ಮುಚ್ಚಿಹೋಗುತ್ತವೆ, ಅದೂ ಬ್ರೇಕ್ ಹಾಕಬೇಕಾದ ಹೊತ್ತಿನಲ್ಲಿ. ವೇಗವಾಗಿ ಹೋಗುವಾಗ ಐಸಿನ ಹಲಗೆ ಹಾರಿ ಹಿಂದಿನವರ ಗಾಜಿಗೆ ಬಡಿಯಬಹುದು.

ಎಲ್‌ಇಡಿ ಹೆಡ್‌ಲೈಟ್ ಮೇಲೆ ಹಿಮ ಕರಗುವುದೇ ಇಲ್ಲವಲ್ಲಾ?

ಹಳೇ ಹ್ಯಾಲೋಜನ್ ಬಲ್ಬ್ ತನ್ನ ಬಿಸಿಯನ್ನು ಮುಂದಕ್ಕೆ ಎಸೆಯುತ್ತಿತ್ತು, ಲೆನ್ಸ್ ಬೆಚ್ಚಗಾಗುತ್ತಿತ್ತು. ಎಲ್‌ಇಡಿಯ ಬಿಸಿ ಹಿಂದುಗಡೆ ಹೋಗುತ್ತದೆ, ಮುಂದಿನ ಲೆನ್ಸ್ ತಣ್ಣಗೇ ಉಳಿಯುತ್ತದೆ. ದೂರದ ಪ್ರಯಾಣದಲ್ಲಿ ನಿಂತಾಗಲೆಲ್ಲ ಒಮ್ಮೆ ಕೈಯಾಡಿಸಿ. ಹಿಂದಿನ ಲೈಟನ್ನೂ ಮರೆಯಬೇಡಿ.

ಚಳಿ ಶುರುವಾದ ದಿನವೇ ಟೈರ್ ಪ್ರೆಶರ್ ದೀಪ ಹತ್ತಿತು. ಪಂಕ್ಚರಾ?

ಒಂದೇ ಟೈರಿನಲ್ಲಿ ತೀರಾ ಕಡಿಮೆ ಇದ್ದರೆ ಇರಬಹುದು. ನಾಲ್ಕರಲ್ಲೂ ಒಟ್ಟಿಗೆ ಇಳಿದಿದ್ದರೆ ಅದು ಚಳಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. 20 ಡಿಗ್ರಿಯಲ್ಲಿ 33 ತುಂಬಿಸಿದ ಟೈರ್ ಮೈನಸ್ 10ರಲ್ಲಿ 28ಕ್ಕೆ ಬಂದಿರುತ್ತದೆ. ಓಡಿಸುವ ಮೊದಲು, ಟೈರ್ ತಣ್ಣಗಿರುವಾಗ ಅಳೆದು ತುಂಬಿಸಿ. ‘ಓಡಿದ ಮೇಲೆ ದೀಪ ತಾನಾಗಿ ಹೋಯಿತು’ ಅಂತ ಬಿಡಬೇಡಿ, ನಾಳೆ ಬೆಳಿಗ್ಗೆ ಮತ್ತೆ ಹತ್ತುತ್ತದೆ.

ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಎಬಿಎಸ್ ದೀಪವೂ ಹತ್ತಿದೆ.

ನಡುಕಕ್ಕೆ ಮೊದಲು ಚಕ್ರದ ಒಳಗೆ ನೋಡಿ. ರಿಮ್ಮಿನ ಒಂದು ಬದಿಗೆ ಹಿಮ ಮೆತ್ತಿ ಗಟ್ಟಿಯಾದರೆ ಚಕ್ರದ ತೂಕ ಒಂದು ಕಡೆ ವಾಲುತ್ತದೆ. ಕೆಡವಿದರೆ ನಡುಕ ನಿಲ್ಲುತ್ತದೆ. ಎಬಿಎಸ್ ದೀಪ ಚಕ್ರದ ವೇಗ ಅಳೆಯುವ ಸೆನ್ಸರಿನದ್ದಾಗಿರಬಹುದು. ಹಿಮ ಕೆಡವಿದ ಮೇಲೂ ಉರಿಯುತ್ತಿದ್ದರೆ ತಡಮಾಡದೆ ತೋರಿಸಿ, ಜಾರುವ ರಸ್ತೆಯಲ್ಲಿ ಎಬಿಎಸ್ ಇಲ್ಲದೆ ಓಡಿಸಬಾರದು.

ಎಲೆಕ್ಟ್ರಿಕ್ ಕಾರಿಗೆ ಬೇರೆ ಏನಾದರೂ ಇದೆಯಾ?

ಒಂದು ಅನುಕೂಲ ಇದೆ. ಚಾರ್ಜರಿಗೆ ಹಾಕಿರುವಾಗಲೇ ಹೊರಡುವ ಸಮಯ ಗೊತ್ತುಮಾಡಿ ಬಿಸಿ ಮಾಡಿಕೊಳ್ಳಬಹುದು. ಬ್ಯಾಟರಿ ಖರ್ಚಾಗದೆ ಗಾಜು ತಿಳಿಯಾಗುತ್ತದೆ. ಆದರೆ ಮುಂದಿನ ಬಂಪರ್ ಎಂಜಿನ್ ಬಿಸಿ ಇಲ್ಲದೆ ತಣ್ಣಗಿರುತ್ತದೆ, ಅಲ್ಲಿ ಮೆತ್ತಿದ ಹಿಮ ಬೇಗ ಕರಗುವುದಿಲ್ಲ. ಬಾಗಿಲಿನೊಳಗೆ ಸೇರಿಕೊಳ್ಳುವ ಹಿಡಿ ಇದ್ದರೆ ಅದೂ ಐಸಿಗೆ ಸಿಕ್ಕಿಕೊಳ್ಳುತ್ತದೆ. ಮುಷ್ಟಿಯಿಂದ ಅದರ ಸುತ್ತ ಮೆಲ್ಲಗೆ ತಟ್ಟಿದರೆ ಐಸ್ ಒಡೆಯುತ್ತದೆ.

ಗಾಜಿನಲ್ಲಿ ಸಣ್ಣ ಪೆಟ್ಟು ಬಿದ್ದಿದೆ. ಚಳಿಗಾಲ ಮುಗಿಯುವ ತನಕ ಬಿಡಬಹುದಾ?

ಬಿಡಬೇಡಿ. ಆ ಗುಳಿಯೊಳಗೆ ನೀರು ಇಳಿದು ಐಸ್ ಆದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಬಿರುಕನ್ನು ಅಗಲಿಸುತ್ತದೆ. ಹಗಲು ಕರಗಿ, ರಾತ್ರಿ ಮತ್ತೆ ಗಟ್ಟಿಯಾಗಿ, ದಿನಾ ಇದೇ ನಡೆಯುತ್ತದೆ. ಜೊತೆಗೆ ಗಾಜಿಗೆ ಬಿಸಿಗಾಳಿ ಬೀಸುವ ಡಿಫ್ರಾಸ್ಟರಿನ ಬಿಸಿ ಬೇರೆ. ಸಣ್ಣದಿದ್ದಾಗ ಅಂಟು ತುಂಬಿಸಿದರೆ ಗಾಜು ಉಳಿಯಬಹುದು.

ಗಾಜನ್ನೇ ಬದಲಾಯಿಸಬೇಕಾದರೆ, ಅದರ ಹಿಂದಿನ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡುತ್ತಾರಾ, ಅಂದರೆ ಅದರ ಕೋನ ಅಳೆದು ಸರಿಹೊಂದಿಸುತ್ತಾರಾ ಅಂತ ಮೊದಲೇ ಕೇಳಿ. ಕ್ಯಾಮೆರಾ ಕೂತ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ದೂರದಲ್ಲಿ ಅದು ಹೆಚ್ಚು ಕಡಿಮೆ 90 ಸೆಂಟಿಮೀಟರ್ ಪಕ್ಕಕ್ಕೆ ನೋಡುತ್ತಿರುತ್ತದೆ. ಮುಂದಿನ ಗಾಡಿ ನಿಮ್ಮ ಲೇನಿನಲ್ಲಿದೆಯೋ ಪಕ್ಕದ್ದರಲ್ಲಿದೆಯೋ ಅಂತ ತಪ್ಪು ತಿಳಿಯಲು ಅಷ್ಟು ಸಾಕು. ಕ್ಯಾಲಿಬ್ರೇಟ್ ಮಾಡಿದ್ದಕ್ಕೆ ಬರಹದಲ್ಲಿ ಒಂದು ಕಾಗದ ಕೇಳಿ ಇಟ್ಟುಕೊಳ್ಳಿ.